ಇಪ್ಪತ್ತು ಸಾವಿರದ ಫ್ಯೂಸಿನಲ್ಲಿ ಕೇಳಿಸುವುದೇನು?

ಆಂಪ್ಲಿಫೈಯರಿನ ಹಿಂಬದಿಯಲ್ಲಿ, ಪವರ್ ಕೇಬಲ್ ಸಿಕ್ಕಿಸುವ ಜಾಗದ ಪಕ್ಕದಲ್ಲೇ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದನ್ನು ತಿರುಗಿಸಿ ತೆಗೆದರೆ ಬೆರಳಿನ ಗೆಣ್ಣಿನಷ್ಟೇ ಇರುವ ಒಂದು ಗಾಜಿನ ಕೊಳವೆ ಕೈಗೆ ಬರುತ್ತದೆ. 20 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ದಪ್ಪ, ಎರಡು ತುದಿಗೂ ಲೋಹದ ಟೋಪಿ, ನಡುವೆ ಕೂದಲಿನಂಥ ತಂತಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಫ್ಯೂಸ್ ಹತ್ತು ರೂಪಾಯಿಯೊಳಗೆ ಸಿಗುತ್ತದೆ. ಇದೇ ಅಳತೆಯ, ಇದೇ ಆಂಪಿಯರಿನ ಇನ್ನೊಂದು ಬಗೆಯ ಫ್ಯೂಸ್ ಇನ್ನೂರು ಡಾಲರಿನ ಆಸುಪಾಸಿನಲ್ಲಿ ಮಾರಾಟವಾಗುತ್ತದೆ. ನಮ್ಮ ಊರಿಗೆ ತರಿಸಿಕೊಂಡರೆ ಕಸ್ಟಮ್ಸ್ ಎಲ್ಲ ಸೇರಿ ಇಪ್ಪತ್ತು ಸಾವಿರ ರೂಪಾಯಿ ಮುಟ್ಟುತ್ತದೆ. ಅದಕ್ಕೂ ಎಷ್ಟೋ ಪಟ್ಟು ದುಬಾರಿಯಾದವೂ ಇವೆ.

ಇವನ್ನು ಮಾರುವವರೇನೂ ಕದ್ದುಮುಚ್ಚಿ ಮಾರುವುದಿಲ್ಲ. ಕ್ಯಾಲಿಫೋರ್ನಿಯಾದ ಸಿನರ್ಜಿಸ್ಟಿಕ್ ರಿಸರ್ಚ್, ಜರ್ಮನಿಯ ಹೈಫೈ ಟ್ಯೂನಿಂಗ್, ಜಪಾನಿನ ಫುರುಟೆಕ್ ಇವೆಲ್ಲ ಹೈಫೈ ಲೋಕದಲ್ಲಿ ಹೆಸರಿರುವ ಕಂಪನಿಗಳು. ತಂತಿಗೆ ಬೆಳ್ಳಿ, ಟೋಪಿಗೆ ಚಿನ್ನ ಅಥವಾ ರೋಡಿಯಂ ಲೇಪ, ದ್ರವ ಸಾರಜನಕದ ಚಳಿಯಲ್ಲಿ ಇಟ್ಟು ತೆಗೆಯುವುದು, ಗ್ರಾಫೀನ್ ಬಳಸುವುದು, ಭಾರೀ ವೋಲ್ಟೇಜ್ ಹಾಯಿಸಿ ‘ಕ್ವಾಂಟಮ್ ಟನೆಲಿಂಗ್’ ಮಾಡುವುದು ಹೀಗೆ ಒಬ್ಬೊಬ್ಬರದು ಒಂದೊಂದು ವಿಧಾನ. ಬಳಸಿದವರು ಬರೆಯುವುದು ಮಾತ್ರ ಹೆಚ್ಚುಕಡಿಮೆ ಒಂದೇ: ಹಿನ್ನೆಲೆ ನಿಶ್ಶಬ್ದವಾಯಿತು, ಬಾಸ್ ಬಿಗಿಯಾಯಿತು, ಗಾಯಕ ಕೋಣೆಯೊಳಗೇ ಬಂದು ಕೂತಂತಾಯಿತು. ಇನ್ನೊಂದು ಗುಂಪಿನವರು ಇದನ್ನೆಲ್ಲ ಶುದ್ಧ ಮೋಸ ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಈ ಜಗಳ ಹೀಗೇ ನಡೆದಿದೆ. ಇಬ್ಬರೂ ಜಗಳವಾಡುತ್ತಿರುವುದು ಫ್ಯೂಸ್ ಹೇಗೆ ಕೇಳಿಸುತ್ತದೆ ಎಂಬುದರ ಮೇಲೆ. ಅದು ಯಾವಾಗ ಕರಗುತ್ತದೆ ಎಂದು ಕೇಳುವವರು ಕಡಿಮೆ. ನನಗೆ ಆ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತಿದೆ. ಆದರೆ ಮೊದಲನೆಯದನ್ನು ಹಾರಿಸಿ ಅಲ್ಲಿಗೆ ಹೋಗುವಂತಿಲ್ಲ.

ನನ್ನ ಸೋದರಮಾವ ಮೈಸೂರಿನ ಕುವೆಂಪುನಗರದಲ್ಲಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರ ದಿನದ ಅರ್ಧ ಭಾಗ ಸಂಗೀತಕ್ಕೇ ಮೀಸಲು. ಮಲ್ಲಿಕಾರ್ಜುನ ಮನ್ಸೂರರ ಎಷ್ಟೋ ಧ್ವನಿಮುದ್ರಿಕೆಗಳನ್ನು, ಆ ಗಾಯಕರು ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಎಂಬುದರ ಸಮೇತ ಬಲ್ಲವರು. ಹೋದ ವರ್ಷ ಅಮೆರಿಕದಲ್ಲಿರುವ ಅವರ ಮಗ ಇಂಥದೊಂದು ಫ್ಯೂಸ್ ಕಳಿಸಿದ. ಹಾಕಿದ ಮೂರನೇ ದಿನವೇ ನನಗೆ ಫೋನ್ ಬಂತು. “ನೀನು ನಂಬಲ್ಲ ಅಂತ ಗೊತ್ತು. ಬಂದು ಒಂದ್ಸಲ ಕೇಳೋ, ಆಮೇಲೆ ಮಾತಾಡು.”

ಹೋಗಿ ಕೇಳಿದೆ. ಚೆನ್ನಾಗಿತ್ತು. ತಂಬೂರಿಯ ಝೇಂಕಾರ ಕೋಣೆ ತುಂಬಿತ್ತು, ತಬಲಾದ ಎಡ ಭಾಗವಾದ ‘ಬಾಯಾ’ ಮೆತ್ತಗಾಗದೆ ಸ್ಪಷ್ಟವಾಗಿತ್ತು. ಹಿಂದೆ ಕೇಳಿದ್ದಕ್ಕಿಂತ ಚೆನ್ನಾಗಿದೆ ಅಂತಲೇ ನನಗೂ ಅನ್ನಿಸಿತು, ಮತ್ತು ಅದನ್ನು ಮಾವನಿಗೆ ಹೇಳಿದೆ. ಆಮೇಲೆ, “ಹಳೇ ಫ್ಯೂಸ್ ಇಟ್ಟಿದೀರಾ ಮಾವ? ಅದನ್ನೊಮ್ಮೆ ಹಾಕಿ ನೋಡೋಣ” ಎಂದೆ. ಆ ಕತೆಗೆ ಮತ್ತೆ ಬರುತ್ತೇನೆ.

ಮೊದಲು ಕರೆಂಟ್ ಬರುವ ದಾರಿ ನೋಡೋಣ. ರಸ್ತೆಯ ಟ್ರಾನ್ಸ್‌ಫಾರ್ಮರಿನಿಂದ ಮೀಟರಿಗೆ, ಮೀಟರಿನಿಂದ ಬೋರ್ಡಿಗೆ, ಬೋರ್ಡಿನಿಂದ ಗೋಡೆಯೊಳಗಿನ ವೈರಿನಲ್ಲಿ ಸಾಕೆಟ್ಟಿಗೆ, ಅಲ್ಲಿಂದ ಕೇಬಲ್ ಹಿಡಿದು ಆಂಪ್ಲಿಫೈಯರಿಗೆ. ಒಳಗೆ ಹೋದ ಕೂಡಲೇ ಫ್ಯೂಸ್. ಅದರ ಆಚೆಗೆ ಟ್ರಾನ್ಸ್‌ಫಾರ್ಮರ್. ಅದರ ಪ್ರೈಮರಿ ಸುರುಳಿಯಲ್ಲಿ ನೂರಾರು ಸುತ್ತು ತಾಮ್ರದ ತಂತಿ. ಆಮೇಲೆ ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್, ಆಮೇಲೆ ಡಬ್ಬಿಯಂಥ ದೊಡ್ಡ ಕೆಪಾಸಿಟರುಗಳು. ಸಂಗೀತದ ಸಿಗ್ನಲ್ಲಿಗೆ ಬೇಕಾದ ಶಕ್ತಿ ಬರುವುದು ಆ ಕೆಪಾಸಿಟರುಗಳಲ್ಲಿ ಸಂಗ್ರಹವಾಗಿರುವ ವಿದ್ಯುತ್ತಿನಿಂದ. ಊರಿನ ನಲ್ಲಿ ನೀರು ನೇರ ಬಚ್ಚಲಿಗೆ ಬರದೆ ತಾರಸಿಯ ಟ್ಯಾಂಕಿಗೆ ಹೋಗಿ, ಅಲ್ಲಿಂದ ಕೆಳಗಿಳಿಯುವ ಹಾಗೆ. ಗೋಡೆಯಿಂದ ಬರುವ ಕರೆಂಟಿನ (ಮೇನ್ಸಿನ) ದಾರಿಯ ಈ ಫ್ಯೂಸ್ ಇರುವುದು ಟ್ಯಾಂಕಿಗೆ ನೀರು ಏರಿಸುವ ಪೈಪಿನಲ್ಲಿ.

ಇನ್ನು ಲೆಕ್ಕ. 3.15 ಆಂಪಿಯರಿನ ಸಾಮಾನ್ಯ ಟೈಮ್-ಲ್ಯಾಗ್ (ನಿಧಾನವಾಗಿ ಹೋಗುವ) ಫ್ಯೂಸಿನ ರೋಧ ಸುಮಾರು 0.02ರಿಂದ 0.03 ಓಮ್. ಬೋರ್ಡಿನಿಂದ ಸಾಕೆಟ್ಟಿಗೆ 15 ಮೀಟರ್ ದೂರ, 2.5 ಚದರ ಮಿಲಿಮೀಟರಿನ ತಾಮ್ರದ ವೈರು ಎಂದಿಟ್ಟುಕೊಂಡರೆ, ಹೋಗಿ ಬರುವ ದಾರಿ 30 ಮೀಟರ್. ಮೀಟರಿಗೆ ಏಳು ಮಿಲಿಓಮ್ ಆಸುಪಾಸು. ಅಲ್ಲಿಗೆ 0.2 ಓಮ್ ಆಯಿತು. ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುರುಳಿಯೊಂದರಲ್ಲೇ ಸಾಮಾನ್ಯವಾಗಿ ಕೆಲವು ಓಮ್. ಇಷ್ಟರ ನಡುವೆ ಫ್ಯೂಸಿನದು ಎಷ್ಟು ಪಾಲು? ಒಂದು ಆಂಪಿಯರ್ ಹರಿಯುವಾಗ ಫ್ಯೂಸಿನಲ್ಲಿ ಕಳೆಯುವುದು 230 ವೋಲ್ಟಿನಲ್ಲಿ 0.03 ವೋಲ್ಟ್. ಕೆಪಾಸಿಟರುಗಳು ಅಲೆಯ ನೆತ್ತಿಯಲ್ಲಿ ಮಾತ್ರ ಕರೆಂಟ್ ಎಳೆಯುತ್ತವೆ, ಆ ಕ್ಷಣದಲ್ಲಿ ಹರಿಯುವುದು ಸರಾಸರಿಗಿಂತ ಹಲವು ಪಟ್ಟು ಹೆಚ್ಚು ಎಂಬ ಆಕ್ಷೇಪ ನ್ಯಾಯವಾದದ್ದೇ. ಐದು ಪಟ್ಟು ಎಂದೇ ಇಟ್ಟುಕೊಳ್ಳೋಣ, ಆಗಲೂ 0.15 ವೋಲ್ಟ್. ಸಂಜೆ ಪಕ್ಕದ ಮನೆಯವರು ಗೀಸರ್ ಹಾಕಿದರೆ ನಮ್ಮ ಸಾಕೆಟ್ಟಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ವೋಲ್ಟೇಜ್ ಏರಿಳಿಯುತ್ತದೆ. ಬೆಳ್ಳಿಯ ತಂತಿ ಹಾಕಿ ಆ 0.03 ಓಮನ್ನು 0.02ಕ್ಕೆ ಇಳಿಸಿದರೂ ಉಳಿದ ದಾರಿ ಹಾಗೇ ಇರುತ್ತದೆ.

ದಿಕ್ಕಿನ ಮಾತೂ ಇದೆ. ಕೆಲವು ಫ್ಯೂಸುಗಳ ಮೈಮೇಲೆ ಬಾಣದ ಗುರುತು ಇರುತ್ತದೆ. ಬಾಣ ಆಂಪ್ಲಿಫೈಯರಿನ ಕಡೆಗಿದ್ದರೆ ಒಂದು ಧ್ವನಿ, ತಿರುಗಿಸಿ ಹಾಕಿದರೆ ಇನ್ನೊಂದು ಎನ್ನುತ್ತಾರೆ. ನಮ್ಮ ಮೇನ್ಸ್ ಎ.ಸಿ. ಸೆಕೆಂಡಿಗೆ 50 ಆವರ್ತ, ಅಂದರೆ ಸೆಕೆಂಡಿಗೆ ನೂರು ಸಲ ಕರೆಂಟಿನ ದಿಕ್ಕು ಬದಲಾಗುತ್ತದೆ. ಗೋಡೆಯೊಳಗಿನ ವೈರಿನಲ್ಲಿ ಎಲೆಕ್ಟ್ರಾನುಗಳು ಹರಿದು ಬರುವುದೇ ಇಲ್ಲ. ಒಂದು ಆಂಪಿಯರಿನ ಹೊತ್ತಿಗೆ ಅವು ನಿಂತಲ್ಲೇ ಹಿಂದೆ ಮುಂದೆ ತೂಗುವ ದೂರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೂ ಆಗುವುದಿಲ್ಲ. ಇಲ್ಲಿ ‘ಒಳಕ್ಕೆ’ ಎಂಬುದೂ ಇಲ್ಲ, ‘ಹೊರಕ್ಕೆ’ ಎಂಬುದೂ ಇಲ್ಲ. ಬಾಣಕ್ಕೆ ತೋರಿಸಲು ದಿಕ್ಕೇ ಇಲ್ಲದಾಗ ಅದು ಏನನ್ನು ತೋರಿಸುತ್ತಿದೆ ಎಂದು ಕೇಳಿದರೆ ನನಗೆ ತೃಪ್ತಿಯಾಗುವ ಉತ್ತರ ಈವರೆಗೆ ಸಿಕ್ಕಿಲ್ಲ.

ಆದರೆ ‘ಫ್ಯೂಸಿಗೂ ಧ್ವನಿಗೂ ಸಂಬಂಧವೇ ಇಲ್ಲ’ ಎಂದು ಒಂದೇ ಏಟಿಗೆ ಹೇಳುವವರೂ ಅವಸರ ಮಾಡುತ್ತಿದ್ದಾರೆ. ಫ್ಯೂಸ್ ಎಲ್ಲಿದೆ ಎಂಬುದನ್ನು ನೋಡಬೇಕು. ಮೇನ್ಸಿನಲ್ಲಿ ಇರುವುದು ಒಂದು ಬಗೆ. ಕೆಪಾಸಿಟರಿಗೂ ಆಂಪ್ಲಿಫೈಯರಿನ ಸರ್ಕ್ಯೂಟಿಗೂ ನಡುವೆ ಇರುವುದು ಇನ್ನೊಂದು. ಮೂರನೆಯದು ಸ್ಪೀಕರಿನ ದಾರಿಯಲ್ಲೇ ಕೂತಿರುವ ಫ್ಯೂಸ್. ಹಳೆಯ ಕೆಲವು ಆಂಪ್ಲಿಫೈಯರುಗಳಲ್ಲಿ ಇದು ಇತ್ತು. ಅಮೆರಿಕದ ಮ್ಯಾಗ್ನೆಪ್ಯಾನ್ ಕಂಪನಿಯ ಚಪ್ಪಟೆ ಸ್ಪೀಕರುಗಳಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರನ್ನು ಕಾಯಲು ಫ್ಯೂಸ್ ಇರುತ್ತದೆ. ಇಲ್ಲಿ ಸಂಗೀತದ ಸಿಗ್ನಲ್ಲೇ ಫ್ಯೂಸಿನ ಮೂಲಕ ಹಾದು ಹೋಗುತ್ತದೆ.

ಅಲ್ಲಿ ನಡೆಯುವುದು ಕುತೂಹಲದ ಸಂಗತಿ. ಫ್ಯೂಸಿನ ತಂತಿ ಕೆಲಸ ಮಾಡುವುದೇ ಬಿಸಿಯಾಗುವುದರಿಂದ. ಲೋಹ ಬಿಸಿಯಾದಂತೆ ಅದರ ರೋಧ ಏರುತ್ತದೆ. ಮೃದಂಗದ ಎಡ ಭಾಗದ ಒಂದು ಗುಮಕಿ ಬಂದಾಗ ಸ್ಪೀಕರಿನ ಕಡೆಗೆ ದೊಡ್ಡ ಕರೆಂಟ್ ಹೋಗುತ್ತದೆ, ತಂತಿ ಕಾಯುತ್ತದೆ, ರೋಧ ಏರುತ್ತದೆ. ಸ್ವರ ತೀರಾ ತಗ್ಗಿನಲ್ಲಿದ್ದರೆ ಅಲೆ ಸೊನ್ನೆಗೆ ಬರುವ ಹೊತ್ತಿಗೆ ತಂತಿಗೆ ಸ್ವಲ್ಪ ಆರಲು ಸಮಯ ಸಿಗುತ್ತದೆ, ಮತ್ತೆ ಕಾಯುತ್ತದೆ. ಹೀಗೆ ಒಂದೇ ಅಲೆಯೊಳಗೆ ರೋಧ ಏರಿಳಿದರೆ ಅಲೆಯ ಆಕಾರ ಕೆಡುತ್ತದೆ, ಮೂಲದಲ್ಲಿಲ್ಲದ ಸ್ವರಾಂಶ ಹುಟ್ಟುತ್ತದೆ. ಇದನ್ನು ಉಪಕರಣದಲ್ಲಿ ಅಳೆಯಬಹುದು. ಡಗ್ಲಸ್ ಸೆಲ್ಫ್, ಬಾಬ್ ಕಾರ್ಡೆಲ್ ಅಂಥ ಆಂಪ್ಲಿಫೈಯರ್ ವಿನ್ಯಾಸಕರು ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಜೊತೆಗೆ, ಎಂಟು ಓಮಿನ ಸ್ಪೀಕರಿನ ಮುಂದೆ 0.1 ಓಮಿನ ಫ್ಯೂಸ್ ಕೂತರೆ ಡ್ಯಾಂಪಿಂಗ್ ಫ್ಯಾಕ್ಟರ್, ಅಂದರೆ ಸ್ಪೀಕರಿನ ಮೇಲೆ ಆಂಪ್ಲಿಫೈಯರಿಗಿರುವ ಹಿಡಿತದ ಅಳತೆ, 80ಕ್ಕಿಂತ ಮೇಲೆ ಹೋಗಲು ಸಾಧ್ಯವೇ ಇಲ್ಲ, ಆಂಪ್ಲಿಫೈಯರ್ ಎಷ್ಟೇ ಒಳ್ಳೆಯದಿರಲಿ.

ಹಾಗಾಗಿ ‘ಫ್ಯೂಸ್ ಧ್ವನಿಯನ್ನು ಕೆಡಿಸುತ್ತದೆ’ ಎಂಬ ಮಾತಿಗೆ ಒಂದು ನಿಜವಾದ ಬೇರು ಇದೆ. ಆ ಬೇರು ಇರುವುದು ಸ್ಪೀಕರಿನ ಫ್ಯೂಸಿನಲ್ಲಿ. ಇಂಜಿನಿಯರುಗಳು ಅದಕ್ಕೆ ಕಂಡುಕೊಂಡ ಪರಿಹಾರವೂ ಚಿನ್ನ-ಬೆಳ್ಳಿಯ ಫ್ಯೂಸ್ ಅಲ್ಲ. ಆ ದಾರಿಯಿಂದ ಫ್ಯೂಸನ್ನೇ ತೆಗೆದು ರಿಲೇ (ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್) ಹಾಗೂ ರಕ್ಷಣಾ ಸರ್ಕ್ಯೂಟ್ ಇಟ್ಟರು, ಇಲ್ಲವೇ ಫ್ಯೂಸನ್ನು ಫೀಡ್‌ಬ್ಯಾಕ್ ಸುತ್ತಿನ (ಆಂಪ್ಲಿಫೈಯರ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಏರ್ಪಾಡಿನ) ಒಳಗೆ ತಂದರು. ಸ್ಪೀಕರಿನ ದಾರಿಯ ಈ ನಿಜ ಕಾಲಕ್ರಮದಲ್ಲಿ ಮೇನ್ಸ್ ಫ್ಯೂಸಿನ ಹೆಗಲೇರಿತು ಎಂಬುದು ನನ್ನ ಅನಿಸಿಕೆ. ಟ್ಯಾಂಕಿನ ಈಚೆಗಿನ ಪೈಪಿಗೆ ಹೇಳಿದ ಮಾತನ್ನು ಆಚೆಗಿನ ಪೈಪಿಗೂ ಹೊಂದಿಸಿದಂತಾಯಿತು.

ಹಾಗಾದರೆ ಅಷ್ಟೊಂದು ಜನ ಕೇಳಿದ್ದು ಏನನ್ನು? ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಒಂದು ಕ್ಷಣವೂ ನಂಬುವುದಿಲ್ಲ. ನಾನೂ ಕೇಳಿದೆನಲ್ಲ. ಕೇಳುವುದೆಂದರೆ ಕಿವಿಯೊಂದರ ಕೆಲಸ ಅಲ್ಲ. 2008ರಲ್ಲಿ ಕ್ಯಾಲ್‌ಟೆಕ್ ಮತ್ತು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಪ್ಪತ್ತು ಜನರಿಗೆ ವೈನ್ ಕುಡಿಸಿ ಅವರ ಮಿದುಳಿನ ಸ್ಕ್ಯಾನ್ ತೆಗೆದರು. ಒಂದೇ ವೈನನ್ನು ಒಮ್ಮೆ ಹತ್ತು ಡಾಲರಿನದು ಎಂದರು, ಇನ್ನೊಮ್ಮೆ ತೊಂಬತ್ತು ಡಾಲರಿನದು ಎಂದರು. ದುಬಾರಿ ಎಂದು ಹೇಳಿದಾಗ ಜನ ಹೆಚ್ಚು ರುಚಿ ಎಂದದ್ದಷ್ಟೇ ಅಲ್ಲ, ಸುಖವನ್ನು ದಾಖಲಿಸುವ ಮಿದುಳಿನ ಭಾಗವೂ ಹೆಚ್ಚು ಚುರುಕಾಯಿತು. ಅಂದರೆ ಅವರು ನಟಿಸುತ್ತಿರಲಿಲ್ಲ. ಅವರಿಗೆ ಸಿಕ್ಕ ಸುಖ ನಿಜವೇ. ಅದರ ಕಾರಣ ಮಾತ್ರ ಬಾಟಲಿಯೊಳಗೆ ಇರಲಿಲ್ಲ.

ಧ್ವನಿಯ ವಿಷಯದಲ್ಲೇ ಇನ್ನೂ ಹತ್ತಿರದ ಉದಾಹರಣೆಯಿದೆ. 1994ರಲ್ಲಿ ಹರ್ಮನ್ ಎಂಬ ಆಡಿಯೋ ಕಂಪನಿಯ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ನಲವತ್ತು ಜನ ಕೇಳುಗರ ಮುಂದೆ ಕೆಲವು ಸ್ಪೀಕರುಗಳನ್ನು ಇಟ್ಟರು. ಕೇಳುಗರು ಹರ್ಮನ್ ಕಂಪನಿಯವರೇ. ಒಮ್ಮೆ ಸ್ಪೀಕರು ಕಾಣುವಂತೆ, ಒಮ್ಮೆ ಪರದೆಯ ಹಿಂದೆ. ಕಾಣುತ್ತಿದ್ದಾಗ ಕೊಟ್ಟ ಅಂಕಗಳಿಗೂ ಕಾಣದಿದ್ದಾಗ ಕೊಟ್ಟ ಅಂಕಗಳಿಗೂ ಸ್ಪಷ್ಟ ವ್ಯತ್ಯಾಸ. ದೊಡ್ಡದಾಗಿ, ಚೆಂದವಾಗಿ ಕಾಣುವ ಸ್ಪೀಕರು ಕಣ್ಣೆದುರಿಗಿದ್ದಾಗ ಹೆಚ್ಚು ಅಂಕ ಗಳಿಸಿತು. ಅದೂ ಸ್ಪೀಕರಿನ ವಿಷಯ. ಎರಡು ಸ್ಪೀಕರುಗಳ ನಡುವೆ ಉಪಕರಣದಲ್ಲಿ ಬೇಕಾದಷ್ಟು ವ್ಯತ್ಯಾಸ ಅಳೆಯಬಹುದು. ಅಷ್ಟು ದೊಡ್ಡ ವ್ಯತ್ಯಾಸವನ್ನೇ ಕಣ್ಣು ಹಿಂದೆ ಮುಂದೆ ಮಾಡಬಲ್ಲದಾದರೆ, 0.01 ಓಮಿನ ವ್ಯತ್ಯಾಸದ ಬಗ್ಗೆ ಕಣ್ಣು ತೆರೆದು ಕೂತು ಕೊಟ್ಟ ತೀರ್ಪನ್ನು ಎಷ್ಟು ನೆಚ್ಚಬಹುದು?

ಕಾಣದಂತೆ ಪರೀಕ್ಷಿಸುವ ವಿಧಾನ ಹೊಸದೇನಲ್ಲ. ಎ.ಬಿ.ಎಕ್ಸ್ ಎನ್ನುವ ಪರೀಕ್ಷೆಯಲ್ಲಿ ಎ ಮತ್ತು ಬಿ ಯಾವುದೆಂದು ಮೊದಲೇ ತಿಳಿಸಿ, ಆಮೇಲೆ ಎಕ್ಸ್ ಎಂದು ಎರಡರಲ್ಲಿ ಒಂದನ್ನು ಕೇಳಿಸುತ್ತಾರೆ. ಅದು ಎ ಆಗಿತ್ತೋ ಬಿ ಆಗಿತ್ತೋ ಹೇಳಬೇಕು. ಕೇಳಿಸುವವನಿಗೂ ಗೊತ್ತಿರಬಾರದು. ಹದಿನಾರು ಸಲದಲ್ಲಿ ಹನ್ನೆರಡು ಅಥವಾ ಹೆಚ್ಚು ಸರಿಯಾದರೆ, ಬರೀ ಊಹೆಯಿಂದ ಅಷ್ಟಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಹಾಗಾಗಿ ನಿಜಕ್ಕೂ ವ್ಯತ್ಯಾಸ ಕೇಳಿಸಿತು ಎಂದು ಒಪ್ಪಲು ಅಡ್ಡಿಯಿಲ್ಲ. 2007ರಲ್ಲಿ ಜಾದೂಗಾರ, ಪವಾಡಗಳ ಹುಸಿ ಬಯಲು ಮಾಡುತ್ತಿದ್ದ ಜೇಮ್ಸ್ ರ್‍ಯಾಂಡಿ 7,250 ಡಾಲರಿನ ಪೇರ್ ಆಂಜೂ ಸ್ಪೀಕರ್ ಕೇಬಲ್ಲನ್ನು ಸಾಮಾನ್ಯ ಕೇಬಲ್ಲಿನಿಂದ ಹೀಗೆ ಗುರುತಿಸಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಹೇಳಿದ್ದರು. ಹೈಫೈ ವಿಮರ್ಶಕ ಮೈಕೆಲ್ ಫ್ರೆಮರ್ ಸಿದ್ಧರಾದರು, ಕೇಬಲ್ ಕಂಪನಿ ಹಿಂದೆ ಸರಿಯಿತು, ಪರೀಕ್ಷೆ ನಡೆಯಲೇ ಇಲ್ಲ. ಎರಡೂ ಕಡೆಯವರು ಈಗಲೂ ಆ ಘಟನೆಯನ್ನು ತಮ್ಮ ತಮ್ಮ ಗೆಲುವೆಂದೇ ಹೇಳಿಕೊಳ್ಳುತ್ತಾರೆ. ನನಗದು ಕೈತಪ್ಪಿದ ಒಂದು ಒಳ್ಳೆಯ ಅವಕಾಶ.

ಫ್ಯೂಸಿನ ಪರೀಕ್ಷೆಯಲ್ಲಿ ಒಂದು ತೊಡಕಿದೆ, ಅದನ್ನು ಒಪ್ಪಿಕೊಳ್ಳಬೇಕು. ಕೇಬಲ್ಲಿನ ಹಾಗೆ ಸ್ವಿಚ್ ಒತ್ತಿ ಬದಲಿಸುವಂತಿಲ್ಲ. ಆಂಪ್ಲಿಫೈಯರ್ ಆರಿಸಬೇಕು, ಪ್ಲಗ್ ಕೀಳಬೇಕು, ಮುಚ್ಚಳ ತೆಗೆದು ಫ್ಯೂಸ್ ಬದಲಿಸಬೇಕು, ಮತ್ತೆ ಹಾಕಿ ಅದು ಹದಕ್ಕೆ ಬರುವವರೆಗೆ ಕಾಯಬೇಕು. ಐದು ನಿಮಿಷವಾದರೂ ಬೇಕು. ಧ್ವನಿಯ ಸೂಕ್ಷ್ಮ ಬಣ್ಣದ ನೆನಪು ಮನುಷ್ಯನಲ್ಲಿ ಕೆಲವೇ ಸೆಕೆಂಡು ಖಚಿತವಾಗಿ ಉಳಿಯುತ್ತದೆ. ‘ಇಂಥ ಪರೀಕ್ಷೆ ಫ್ಯೂಸಿಗೆ ಅನ್ಯಾಯ ಮಾಡುತ್ತದೆ’ ಎಂದು ಅಭಿಮಾನಿಗಳು ಹೇಳುವುದು ಇದಕ್ಕೇ. ಆದರೆ ಮನೆಯಲ್ಲಿ ಫ್ಯೂಸ್ ಬದಲಿಸಿ ‘ಪರದೆ ಸರಿದ ಹಾಗಾಯ್ತು’ ಅನ್ನುವವರೂ ಅದೇ ಐದು ನಿಮಿಷದ ನೆನಪನ್ನೇ ನಂಬಿದ್ದಾರೆ. ಅಲ್ಲಿ ಆಗದ ನೆನಪು ಇಲ್ಲಿ ಹೇಗೆ ಆದೀತು? ಇದಕ್ಕೊಂದು ಸರಳ ದಾರಿಯಿದೆ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ಸಿಗ್ನಲ್ಲನ್ನು ಎರಡು ಫ್ಯೂಸಿನಲ್ಲೂ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯುವುದು. ಉಳಿದದ್ದೇ ವ್ಯತ್ಯಾಸ. ಅದನ್ನು ಬೇಕಾದರೆ ಜೋರು ಮಾಡಿ ಕೇಳಬಹುದು. ಇನ್ನೂರು ಡಾಲರಿನ ಫ್ಯೂಸ್ ಮಾರುವ ಕಂಪನಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಅವರು ಹೀಗೆ ಕಳೆದು ಉಳಿದದ್ದನ್ನು ಗ್ರಾಹಕರ ಕಿವಿಗೆ ಕೇಳಿಸಲಿ ಎಂದು ಕೇಳುವ ಹಕ್ಕು ದುಡ್ಡು ಕೊಡುವವನಿಗೆ ಇದೆ.

ಮೈಸೂರಿನ ಕತೆಗೆ ಬರುತ್ತೇನೆ. ಮಾವ ಹಳೆಯ ಫ್ಯೂಸನ್ನು ಗುಳಿಗೆಯ ಡಬ್ಬಿಯಲ್ಲಿ ಹತ್ತಿ ಹಾಕಿ ಜೋಪಾನವಾಗಿ ಇಟ್ಟಿದ್ದರು. ಪ್ಲಗ್ ಕಿತ್ತು, ಹೋಲ್ಡರಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಫ್ಯೂಸ್ ಹಿಡಿಯುವ ಕ್ಲಿಪ್ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಹಳೆಯ ಫ್ಯೂಸಿನ ಟೋಪಿಯ ಸುತ್ತ, ಕ್ಲಿಪ್ ತಾಗುವ ಜಾಗದಲ್ಲಿ, ಮಂಕಾದ ಒಂದು ಉಂಗುರ. ಹೊಸ ಫ್ಯೂಸ್ ಬರುವವರೆಗೆ ಇಪ್ಪತ್ತೈದು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಟೋಪಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಕ್ಲಿಪ್ಪಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಒರೆಸಿದೆ. ಬಟ್ಟೆ ಕಪ್ಪಗಾಯಿತು. ಮಾವ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದರು, ನಾನು ಯಾವುದನ್ನು ಹಾಕುತ್ತಿದ್ದೇನೆಂದು ಹೇಳಿರಲಿಲ್ಲ. ಹಳೆಯದನ್ನೇ ಹಾಕಿ, ಹತ್ತು ನಿಮಿಷ ಬಿಟ್ಟು ಅದೇ ಧ್ವನಿಮುದ್ರಿಕೆ ನುಡಿಸಿದೆ. ಅವರು ಕಣ್ಣುಮುಚ್ಚಿ ಕೇಳಿ, ಆಲಾಪ ಮುಗಿದ ಮೇಲೆ, “ಹೊಸದೇ ಹಾಕಿದೀಯ. ನೋಡು, ಆ ತಂಬೂರಿ ಕೇಳಿಸ್ತಾ ಇದೆಯಲ್ಲ” ಎಂದರು. ನಾನು ಹಳೆಯದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಹೊಸದನ್ನ ಹಾಕು, ಇನ್ನೊಂದ್ಸಲ ಕೇಳೋಣ” ಎಂದರು. ಸಂಜೆಯವರೆಗೂ ನಾಲ್ಕು ಸಲ ಬದಲಿಸಿದೆವು. ಇಬ್ಬರಿಗೂ ಗುರುತಿಸಲು ಆಗಲಿಲ್ಲ.

ನಾಲ್ಕು ಸಲ ಬದಲಿಸಿದ್ದು ಪುರಾವೆಯಲ್ಲ. ಕ್ಲಿಪ್ಪಿನ ಕಲೆಯೇ ಎಲ್ಲಕ್ಕೂ ಕಾರಣವಾಗಿತ್ತು ಎಂದೂ ನಾನು ಹೇಳಲಾರೆ. ಆದರೆ ಫ್ಯೂಸ್ ಬದಲಿಸುವಾಗ ಫ್ಯೂಸ್ ಒಂದೇ ಬದಲಾಗುವುದಿಲ್ಲ ಎಂಬುದು ಅವತ್ತು ಕೈಯಾರೆ ಗೊತ್ತಾಯಿತು. ವರ್ಷಗಟ್ಟಲೆ ಅಲುಗದ ಜೋಡಣೆ ಅಲುಗುತ್ತದೆ, ತುಕ್ಕಿನ ಪದರ ಉಜ್ಜಿಹೋಗುತ್ತದೆ, ಸಡಿಲ ಕ್ಲಿಪ್ ಬಿಗಿಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೇಳುವವನು ಬಹಳ ದಿನಗಳ ಮೇಲೆ ಬೇರೆ ಕೆಲಸವೆಲ್ಲ ಬಿಟ್ಟು, ಗಮನವಿಟ್ಟು ಕೂರುತ್ತಾನೆ. ಹಿನ್ನೆಲೆಯ ತಂಬೂರಿ ಮೊದಲೂ ಇತ್ತು, ಅಷ್ಟು ಗಮನ ಕೊಟ್ಟಿರಲಿಲ್ಲ ಅಷ್ಟೆ.

‘ಅವರ ದುಡ್ಡು, ಅವರ ಸಂತೋಷ. ಯಾರಿಗೇನು ನಷ್ಟ?’ ಎಂದು ಇಲ್ಲಿಗೇ ಮುಗಿಸುವವರಿದ್ದಾರೆ. ನಾನು ಹಾಗೆ ಮುಗಿಸಲಾರೆ.

ನಮ್ಮ ಹಳೆಯ ಮನೆಗಳಲ್ಲಿ ಮೀಟರಿನ ಪಕ್ಕ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇರುತ್ತಿತ್ತು. ಕರೆಂಟ್ ಹೋದರೆ ಅಪ್ಪ ಟಾರ್ಚ್ ಹಿಡಿದು ನಿಂತು ಫ್ಯೂಸ್ ಕಟ್ಟುತ್ತಿದ್ದರು. ಪದೇ ಪದೇ ಹೋಗುತ್ತದೆಂದು ಕೆಲವರು ಎರಡೆಳೆ ತಂತಿ ಕಟ್ಟುವರು, ಇನ್ನು ಕೆಲವರು ವೈರಿನೊಳಗಿನ ತಾಮ್ರದ ಎಳೆಯನ್ನೇ ಸುತ್ತಿಬಿಡುವರು. ಆಮೇಲೆ ಫ್ಯೂಸ್ ಹೋಗುತ್ತಿರಲಿಲ್ಲ, ವೈರಿಂಗ್ ಸುಡುತ್ತಿತ್ತು. ಆಂಪ್ಲಿಫೈಯರಿನ ಫ್ಯೂಸಿಗೂ ನಿಯಮ ಅದೇ. ಅದು ಅಲ್ಲಿರುವುದು ಟ್ರಾನ್ಸ್‌ಫಾರ್ಮರ್ ಅಥವಾ ಕೆಪಾಸಿಟರ್ ಕೆಟ್ಟ ದಿನ, ಬೆಂಕಿ ಹೊತ್ತುವ ಮೊದಲು ತಾನು ಕರಗಲಿಕ್ಕೆ.

ಅದು ಯಾವಾಗ ಕರಗಬೇಕು ಎಂಬುದನ್ನು ಫ್ಯೂಸಿನ ಟೋಪಿಯ ಮೇಲೆ ಕೊರೆದಿರುತ್ತಾರೆ. ಭೂತಗನ್ನಡಿ ಹಿಡಿದರೆ ಕಾಣುತ್ತದೆ: ‘ಟಿ 3.15 ಎ ಎಲ್ 250 ವಿ’. ಟಿ ಅಂದರೆ ಟೈಮ್-ಲ್ಯಾಗ್, ನಿಧಾನದ ಫ್ಯೂಸ್. ಸ್ವಿಚ್ ಹಾಕಿದ ಕೂಡಲೇ ಟ್ರಾನ್ಸ್‌ಫಾರ್ಮರ್ ಒಂದೇ ಏಟಿಗೆ ಎಳೆಯುವ ಕರೆಂಟನ್ನು ಇದು ತಡೆದುಕೊಳ್ಳುತ್ತದೆ. ಎಫ್ ಎಂದಿದ್ದರೆ ಬೇಗ ಹೋಗುವಂಥದು. ಎಲ್ ಅಂದರೆ ಕಡಿಮೆ ಬ್ರೇಕಿಂಗ್ ಕೆಪಾಸಿಟಿ. ಇದು ಸುರಕ್ಷಿತವಾಗಿ ಕತ್ತರಿಸಬಲ್ಲ ಕರೆಂಟ್ 35 ಆಂಪಿಯರ್ ಅಥವಾ ತನ್ನ ಆಂಪಿಯರಿನ ಹತ್ತು ಪಟ್ಟು, ಎರಡರಲ್ಲಿ ದೊಡ್ಡದು. ಎಚ್ ಎಂದಿದ್ದರೆ 1,500 ಆಂಪಿಯರ್. ಇವು ಸಾಮಾನ್ಯವಾಗಿ ಸಿರಾಮಿಕ್ ಕೊಳವೆಯವು, ಒಳಗೆ ಸಣ್ಣ ಮರಳು ತುಂಬಿರುತ್ತಾರೆ, ಕಿಡಿಯನ್ನು ನುಂಗಲಿಕ್ಕೆ. ಮನೆಯ ವೈರಿಂಗಿನ ಒಟ್ಟು ರೋಧ ಅರ್ಧ ಓಮ್ ಎಂದಿಟ್ಟುಕೊಂಡರೂ ನೇರ ಶಾರ್ಟ್ ಆದಾಗ ಹರಿಯುವುದು 460 ಆಂಪಿಯರ್. ತಯಾರಕರು ಎಚ್ ಹಾಕಿ ಎಂದ ಕಡೆ ಚೆಂದದ ಗಾಜಿನ ಫ್ಯೂಸ್ ಹಾಕಿದರೆ ಅದು ಕರಗುವ ಬದಲು ಸಿಡಿಯಬಹುದು.

ಇದಲ್ಲದೆ ಪ್ರತಿ ಫ್ಯೂಸಿಗೂ ಒಂದು ಕರಗುವ ರೇಖೆ ಇರುತ್ತದೆ. ಎಷ್ಟು ಕರೆಂಟಿಗೆ ಎಷ್ಟು ಹೊತ್ತಿನಲ್ಲಿ ಹೋಗಬೇಕು ಎಂಬ ನಕ್ಷೆ. ಐ.ಇ.ಸಿ. 60127 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತನ್ನ ಆಂಪಿಯರಿನ ಒಂದೂವರೆ ಪಟ್ಟಿಗೆ ಫ್ಯೂಸ್ ಒಂದು ಗಂಟೆ ನಿಲ್ಲಬೇಕು. ಅಮೆರಿಕದ ಯು.ಎಲ್. ಮಾನದಂಡದಲ್ಲಿ 1.35 ಪಟ್ಟಿಗೇ ಒಂದು ಗಂಟೆಯೊಳಗೆ ಹೋಗಿಬಿಡಬೇಕು. ಒಂದೇ ಸಂಖ್ಯೆ ಬರೆದಿದ್ದರೂ ಎರಡರ ನಡತೆ ಬೇರೆ. ಲಿಟಲ್‌ಫ್ಯೂಸ್, ಶುರ್ಟರ್, ಸಿಬಾ ಇಂಥ ತಯಾರಕರ ಕೆಲವು ರೂಪಾಯಿಯ ಫ್ಯೂಸಿಗೂ ಈ ರೇಖೆ ಅಚ್ಚಾದ ಡೇಟಾಶೀಟ್ ಇರುತ್ತದೆ, ಪರೀಕ್ಷಾ ಸಂಸ್ಥೆಗಳ ಮುದ್ರೆ ಇರುತ್ತದೆ. ಮಾವನ ಮನೆಯ ಆ ಹೊಸ ಫ್ಯೂಸನ್ನು ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಕಂಪನಿಯ ಹೆಸರು, ಆಂಪಿಯರ್, ಒಂದು ಬಾಣ. ಎಲ್ ಇಲ್ಲ, ಎಚ್ ಇಲ್ಲ, ಯಾವ ಮುದ್ರೆಯೂ ಇಲ್ಲ. ಜೊತೆಗೆ ಬಂದ ಕಾಗದದಲ್ಲಿ ಎಷ್ಟು ಗಂಟೆ ನುಡಿಸಿದ ಮೇಲೆ ಧ್ವನಿ ಅರಳುತ್ತದೆ ಎಂದಿತ್ತು. ಎಷ್ಟು ಕರೆಂಟಿಗೆ ಎಷ್ಟು ಹೊತ್ತಿನಲ್ಲಿ ಹೋಗುತ್ತದೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಎಲ್ಲ ದುಬಾರಿ ಫ್ಯೂಸುಗಳೂ ಹೀಗೇ ಎನ್ನುವುದಿಲ್ಲ. ಆದರೆ ತಂತಿಯ ಲೋಹ ಬದಲಿಸಿದರೆ, ಒಳಗೆ ಬೇರೇನೋ ತುಂಬಿದರೆ, ಕರಗುವ ರೇಖೆಯೂ ಬದಲಾಗುತ್ತದೆ. ಅದನ್ನು ಅಳೆದು ಕೊಡದಿದ್ದರೆ ಕೊಳ್ಳುವವನಿಗೆ ತಿಳಿಯುವ ಬಗೆ ಇಲ್ಲ. ಇನ್ನೂ ಕಳವಳದ ಸಂಗತಿಯೆಂದರೆ, ಹೊಸ ಫ್ಯೂಸ್ ಸ್ವಿಚ್ ಹಾಕುವಾಗಲೇ ಹೋಗುತ್ತಿದ್ದರೆ ‘ಒಂದು ಮೆಟ್ಟಿಲು ಮೇಲಿನ ಆಂಪಿಯರಿನದು ಹಾಕಿ’ ಎಂದು ಕೆಲವು ಮಾರಾಟಗಾರರು ಸಲಹೆ ಕೊಡುವುದು. ದುಬಾರಿ ಫ್ಯೂಸ್ ಸುಟ್ಟರೆ ಹೊಟ್ಟೆ ಉರಿಯುತ್ತದೆ, ಆದ್ದರಿಂದ ಆ ಸಲಹೆ ಕಿವಿಗೆ ಹಿತವಾಗಿಯೇ ಇರುತ್ತದೆ. ಅದು ಎರಡೆಳೆ ತಂತಿ ಕಟ್ಟಿದ ಹಾಗೆಯೇ. ಕೆಲವರು ಫ್ಯೂಸಿನ ಜಾಗಕ್ಕೆ ತಾಮ್ರದ ಕಡ್ಡಿಯನ್ನೇ ಇಟ್ಟು ಕೇಳುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಬೋರ್ಡಿನಲ್ಲಿ ಎಂ.ಸಿ.ಬಿ. ಇದೆಯಲ್ಲ ಎಂಬುದು ಉತ್ತರವಾಗದು. 16 ಆಂಪಿಯರಿನ ಎಂ.ಸಿ.ಬಿ. ಕಾಯುವುದು ಗೋಡೆಯೊಳಗಿನ ವೈರನ್ನು. ಐದಾರು ಆಂಪಿಯರ್ ಎಳೆಯುತ್ತ ಒಳಗೊಳಗೇ ಬೇಯುವ ಟ್ರಾನ್ಸ್‌ಫಾರ್ಮರ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಅಮೆರಿಕದಿಂದ ಊರಿಗೆ ಮರಳುವ ನಮ್ಮವರಿಗೆ ಇಲ್ಲಿ ಒಂದು ಮಾತು. ಆಂಪ್ಲಿಫೈಯರನ್ನು ಪ್ರೀತಿಯಿಂದ ಹೊತ್ತು ತರುತ್ತೀರಿ. ಹಿಂಬದಿಯ ವೋಲ್ಟೇಜ್ ಸ್ವಿಚ್ಚನ್ನು 120ರಿಂದ 230ಕ್ಕೆ ತಿರುಗಿಸಿದರೆ ಕೆಲಸ ಮುಗಿಯಲಿಲ್ಲ. ವೋಲ್ಟೇಜ್ ಹೆಚ್ಚುಕಡಿಮೆ ಎರಡರಷ್ಟಾದಾಗ ಅದೇ ಯಂತ್ರ ಎಳೆಯುವ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿ 6.3 ಆಂಪಿಯರಿನ ಫ್ಯೂಸ್ ಇದ್ದದ್ದು ಇಲ್ಲಿ 3.15 ಆಗಬೇಕು. ಹಿಂಬದಿಯಲ್ಲಿ ಎರಡೂ ಅಂಕೆ ಅಚ್ಚಾಗಿರುತ್ತವೆ, ಎಷ್ಟೋ ಜನ ನೋಡುವುದಿಲ್ಲ. ಅಲ್ಲಿಯ ಫ್ಯೂಸನ್ನೇ ಬಿಟ್ಟರೆ ಆಂಪ್ಲಿಫೈಯರ್ ಚೆನ್ನಾಗಿಯೇ ಹಾಡುತ್ತದೆ, ಆದರೆ ಕೆಟ್ಟ ದಿನ ಅದನ್ನು ಕಾಯುವವರು ಇರುವುದಿಲ್ಲ.

ಧ್ವನಿ ಉತ್ತಮವಾಗಬೇಕು ಎಂಬ ಆಸೆಯನ್ನು ನಾನು ಗೌರವಿಸುತ್ತೇನೆ. ಇಪ್ಪತ್ತು ಸಾವಿರ ರೂಪಾಯಿಗೆ ಕೇಳುವ ಕೋಣೆಯಲ್ಲಿ ಬಹಳ ಮಾಡಬಹುದು. ದಪ್ಪ ಪರದೆ, ಜಮಖಾನ, ಪುಸ್ತಕ ತುಂಬಿದ ಒಂದು ಕಪಾಟು ಬರಿಗೋಡೆಯ ಪ್ರತಿಧ್ವನಿಯನ್ನು ಇಳಿಸುತ್ತವೆ. ಸ್ಪೀಕರನ್ನು ಮೂಲೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೆದರೆ ಬಾಸಿನಲ್ಲಿ ಆಗುವ ವ್ಯತ್ಯಾಸ ಅಡುಗೆಮನೆಯಲ್ಲಿ ಇರುವವರಿಗೂ ಗೊತ್ತಾಗುತ್ತದೆ, ಅದಕ್ಕೆ ಖರ್ಚೂ ಇಲ್ಲ. ಮಾವನ ಕೋಣೆಯಲ್ಲಿ ಅವತ್ತು ಸಂಜೆ ನಾವು ಕೊನೆಗೆ ಮಾಡಿದ್ದು ಅದನ್ನೇ. ಅತ್ತೆ ಬಂದು ನಿಂತು ಕೇಳಿ, “ಇದು ಚೆನ್ನಾಗಿದೆ, ಹೀಗೇ ಇರಲಿ” ಎಂದರು.

ಅವರ ಆಂಪ್ಲಿಫೈಯರಿನಲ್ಲಿ ಈಗ ತಯಾರಕರು ಹೇಳಿದ ಅಳತೆಯದೇ ಹೊಸ ಸಿರಾಮಿಕ್ ಫ್ಯೂಸ್ ಇದೆ. ಇನ್ನೂ ನಾಲ್ಕನ್ನು ತಂದು ಕೊಟ್ಟಿದ್ದೇನೆ, ಅಂಕೆ ಬರೆದ ಚೀಟಿ ಅಂಟಿಸಿ. ಮಗ ಕಳಿಸಿದ ಫ್ಯೂಸ್ ಗುಳಿಗೆಯ ಡಬ್ಬಿಯಲ್ಲಿ, ಹತ್ತಿಯ ಮೇಲೆ ಮಲಗಿದೆ. ಅದನ್ನು ಹಿಂದಕ್ಕೆ ಕಳಿಸಿ ದುಡ್ಡು ವಾಪಸ್ ಪಡೆಯಬಹುದಿತ್ತು, ಗಡುವು ಇನ್ನೂ ಮುಗಿದಿರಲಿಲ್ಲ. ಮಾವ ಒಪ್ಪಲಿಲ್ಲ. “ಅಪ್ಪ ಹಾಡು ಕೇಳ್ತಾನೆ ಅಂತ ಅವನು ಅಷ್ಟು ದೂರದಿಂದ ಕಳಿಸಿದಾನೆ, ಇರಲಿ ಬಿಡು” ಎಂದರು.